ಲ್ಯಾಪ್‌ಟಾಪ್ ರಿಪೇರಿಗೆ ಕೊಡುವ ಮುಂಚೆ ಅದರ ಹೊಟ್ಟೆಯಲ್ಲಿ ಏನಿದೆ ನೋಡಿಟ್ಟುಕೊಳ್ಳಿ

ನನ್ನದು 2013ರ ಲ್ಯಾಪ್‌ಟಾಪ್. ಕಾಸರಗೋಡಿನ ಒಂದು ಕನ್ನಡ ಶಾಲೆಯಲ್ಲಿ ನಾನು ಮಾಷ್ಟ್ರು. ಪ್ರಶ್ನೆಪತ್ರಿಕೆ, ವಾರ್ಷಿಕೋತ್ಸವದ ಫೋಟೋ, ಹಳೆಯ ನುಡಿ ಫೈಲುಗಳು ಎಲ್ಲ ಅದರಲ್ಲೇ. ಏಪ್ರಿಲ್, ಮೇ ರಜೆಯಲ್ಲಿ ಕಪಾಟಿನೊಳಗೆ ಸುಮ್ನೆ ಬಿದ್ದಿತ್ತು. ಜೂನ್‌ನಲ್ಲಿ ಶಾಲೆ ಶುರುವಾಗಿ, ಮಳೆಯೂ ಹಿಡಿದ ಮೇಲೆ ತೆಗೆದು ಆನ್ ಮಾಡಿದೆ. ಲೈಟ್ ಬಂತು, ಫ್ಯಾನ್ ತಿರುಗಿತು. ಸ್ಕ್ರೀನ್ ಮಾತ್ರ ಕಪ್ಪು. ಕ್ಯಾಪ್ಸ್ ಲಾಕ್ ಲೈಟ್ ಮಿಣಮಿಣ ಅಂತಿತ್ತು. ಅದೂ ಒಂದು ಸೂಚನೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಮಂಡೆಬಿಸಿಯಾಗಿ ಮರುದಿನವೇ ಪೇಟೆಯ ಒಂದು ರಿಪೇರಿ ಅಂಗಡಿಗೆ ಕೊಟ್ಟು ಬಂದೆ. ಹೆಸರು ಹೇಳುವುದಿಲ್ಲ. ಅವರು ಚೀಟಿಯಲ್ಲಿ ಬರೆದದ್ದು ಇಷ್ಟೇ: ಕಂಪನಿ ಹೆಸರು, ‘ನೋ ಡಿಸ್‌ಪ್ಲೇ’, ನನ್ನ ಫೋನ್ ನಂಬರ್. ಕೇಳಿದರು ಅಂತ ಪಾಸ್‌ವರ್ಡ್ ಕೂಡ ಬರೆದು ಕೊಟ್ಟೆ. ಸ್ಕ್ರೀನೇ ಬಾರದ ಯಂತ್ರಕ್ಕೆ ಪಾಸ್‌ವರ್ಡ್ ಯಾಕೆ ಅಂತ ಕೇಳುವ ಬುದ್ಧಿ ಬರಲಿಲ್ಲ ನೋಡಿ.

ಒಂಬತ್ತು ದಿನ ಆದ ಮೇಲೆ ಫೋನ್ ಬಂತು. ‘ಬೋರ್ಡ್ ಪೋಯಿ ಮಾಷೇ.’ ಒಳಗಿನ ಮುಖ್ಯ ಬೋರ್ಡ್ ಹೋಗಿದೆ, ಸೆಕೆಂಡ್ ಹ್ಯಾಂಡ್ ಹಾಕಿದರೆ 7,500 ರೂಪಾಯಿ. ಅಷ್ಟು ಹಳೆಯ ಯಂತ್ರಕ್ಕೆ ಅಷ್ಟು ದುಡ್ಡು ಬೇಡ ಅಂತ ಚೆಕ್ಕಿಂಗ್ ಚಾರ್ಜ್ 300 ಕೊಟ್ಟು ವಾಪಸ್ ತಂದೆ. ಅಡಿಯ ಎರಡು ಸ್ಕ್ರೂ ಇರಲಿಲ್ಲ. ಹೋಗಲಿ ಅಂದುಕೊಂಡೆ.

ಆ ಭಾನುವಾರ ಮಂಗಳೂರಿನಲ್ಲಿ ಡಿಪ್ಲೊಮಾ ಓದುವ ಅಳಿಯ ಮನೆಗೆ ಬಂದಿದ್ದ. ‘ಮಾವ, ನೀವು ಟಾರ್ಚ್ ಹಾಕಿ ನೋಡಿದ್ರಾ?’ ಅಂತ ಕೇಳಿದ. ಕತ್ತಲೆ ಕೋಣೆಯಲ್ಲಿ ಸ್ಕ್ರೀನಿಗೆ ಓರೆಯಾಗಿ ಮೊಬೈಲ್ ಟಾರ್ಚ್ ಬಿಟ್ಟಾಗ ಮಸುಕಾಗಿ ಚಿತ್ರ ಕಂಡರೆ ಸ್ಕ್ರೀನಿನ ಹಿಂಬದಿಯ ಬೆಳಕು ಮಾತ್ರ ಹೋಗಿದೆ ಎಂದು ಅರ್ಥವಂತೆ. ನನ್ನದರಲ್ಲಿ ಏನೂ ಕಾಣಲಿಲ್ಲ. ಆಮೇಲೆ ಎಚ್‌ಡಿಎಂಐ ವೈರ್‌ನಲ್ಲಿ ಟಿವಿಗೆ ಸಿಕ್ಕಿಸಿದ. ಟಿವಿಯಲ್ಲಿ ಬಂದಿದ್ದರೆ ಲ್ಯಾಪ್‌ಟಾಪ್‌ನ ಪ್ಯಾನೆಲ್ಲೋ, ಮಡಚುವ ಕಡೆ ಹಾದು ಹೋಗುವ ಕೇಬಲ್ಲೋ ಕೆಟ್ಟಿರುತ್ತದೆ. ಅಲ್ಲೂ ಬರಲಿಲ್ಲ.

ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದ. ಒಳಗೆ ಉಳಿದ ಕರೆಂಟ್ ಇಳಿಯಲಿ ಅಂತ. ಎಷ್ಟೋ ಲ್ಯಾಪ್‌ಟಾಪ್ ಇಷ್ಟಕ್ಕೇ ಸರಿಯಾಗುತ್ತವಂತೆ, ನಮ್ಮದಕ್ಕೆ ಆ ಯೋಗ ಇರಲಿಲ್ಲ. ಕೊನೆಗೆ ಅಡಿಯ ಮುಚ್ಚಳ ಬಿಚ್ಚಿ, ಯಂತ್ರ ಕೆಲಸ ಮಾಡುವಾಗ ಬಳಸುವ ನೆನಪಿನ ಪಟ್ಟಿಯಾದ ರ‍್ಯಾಮ್ ಹೊರಗೆ ತೆಗೆದ. ಅದರ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿದ್ದವು. ನಮ್ಮ ಕರಾವಳಿಯ ತೇವಕ್ಕೆ ಬಾಗಿಲ ಚಿಲಕವೇ ಹಿಡಿದುಕೊಳ್ಳುತ್ತದೆ, ಇದು ಯಾವ ಲೆಕ್ಕ! ಮಗಳ ಪೆನ್ಸಿಲ್ ರಬ್ಬರ್ ತಗೊಂಡು ಮೆಲ್ಲಗೆ ಉಜ್ಜಿದ. ಪುಡಿ ಒರೆಸಿ, ಓರೆಯಾಗಿ ತೂರಿಸಿ, ಟಿಕ್ ಅನ್ನುವವರೆಗೆ ಕೆಳಗೆ ಒತ್ತಿದ. ಬ್ಯಾಟರಿ ಹಾಕಿ ಆನ್ ಮಾಡಿದರೆ ಕಂಪನಿಯ ಗುರುತು ಬಂದೇ ಬಿಟ್ಟಿತು ಮಾರಾಯ್ರೆ! ಕ್ಯಾಪ್ಸ್ ಲಾಕ್ ಮಿನುಗುತ್ತಿದ್ದುದು ಇದನ್ನೇ ಹೇಳಲಿಕ್ಕೆ ಇರಬೇಕು. ಎಷ್ಟು ಸಲ ಮಿನುಗುತ್ತದೆ ಎಂದು ಎಣಿಸಿ ಕಂಪನಿಯ ಕೈಪಿಡಿ ನೋಡಿದರೆ ಯಾವ ಭಾಗದ ತೊಂದರೆ ಅಂತ ಗೊತ್ತಾಗುತ್ತದೆ ಎಂದ ಅಳಿಯ.

ಖುಷಿ ಐದು ನಿಮಿಷವೂ ಉಳಿಯಲಿಲ್ಲ. ‘ಮಾವ, ಇದರಲ್ಲಿ ರ‍್ಯಾಮ್ 4 ಜಿಬಿ ಮಾತ್ರ ಇದೆಯಲ್ಲಾ?’

ನನ್ನದರಲ್ಲಿ 8 ಇತ್ತು. 2016ರಲ್ಲಿ ನಾನೇ ಇನ್ನೊಂದು 4 ಜಿಬಿ ಸ್ಟಿಕ್ ಹಾಕಿಸಿದ್ದೆ, ಬಿಲ್ ಈಗಲೂ ಇದೆ. ಮತ್ತೆ ಬಿಚ್ಚಿ ನೋಡಿದರೆ ಎರಡನೆಯ ಜಾಗ ಖಾಲಿ. ಅಂಗಡಿಗೆ ಫೋನ್ ಮಾಡಿದೆ. ‘ಒಂದೇ ಇದ್ದದ್ದು ಮಾಷೇ’ ಅಂದರು. ಬಿಲ್ ಇದೆ ಅಂದೆ. ಬಿಲ್ ಇದ್ದರೆ ಒಳಗೆ ಇತ್ತು ಅಂತ ಆಗುತ್ತದಾ ಅಂತ ಕೇಳಿದರು. ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ತೆಗೆದು ಪರೀಕ್ಷೆ ಮಾಡುವಾಗ ಬೇರೆ ಕಡೆ ಇಟ್ಟು ಮರೆತರೋ, ಬೇಕೆಂದೇ ಮಾಡಿದರೋ, ನಾನು ಹೇಳಲಾರೆ. 1915ಕ್ಕೆ, ಅಂದರೆ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡೋಣ ಅಂತ ಅನ್ನಿಸಿತು. ಆದರೆ ತೋರಿಸಲು ಕೈಯಲ್ಲಿದ್ದುದು ‘ನೋ ಡಿಸ್‌ಪ್ಲೇ’ ಅಂತ ಬರೆದ ಆ ಚೀಟಿ ಮಾತ್ರ.

ಹಾಗಾಗಿ ಕೇಳಿಕೊಳ್ಳುತ್ತೇನೆ, ಕೊಡುವ ಮುಂಚೆ ಮುಚ್ಚಳ ಬಿಚ್ಚಿ ಒಂದು ಫೋಟೋ ತೆಗೆಯಿರಿ. ರ‍್ಯಾಮ್ ಎಷ್ಟು, ಹಾರ್ಡ್ ಡಿಸ್ಕ್ ಯಾವುದು ಅಂತ ಚೀಟಿಯಲ್ಲೇ ಬರೆಸಿ ಸಹಿ ಹಾಕಿಸಿ. ಬರೆಯುವುದಿಲ್ಲ ಅಂದರೆ ಬೇರೆ ಅಂಗಡಿ ನೋಡಿ. ಡಿಸ್‌ಪ್ಲೇ ಬಾರದ ತೊಂದರೆ ಹುಡುಕಲು ಹಾರ್ಡ್ ಡಿಸ್ಕ್ ಬೇಕಾಗಿಲ್ಲ. ಹಾಗಾಗಿ ಅದನ್ನು ಬಿಚ್ಚಿ ಮನೆಯಲ್ಲೇ ಇಡಿ. ನನ್ನ ಮಕ್ಕಳ ಫೋಟೋ ಎಲ್ಲ ಒಂಬತ್ತು ದಿನ ಯಾರದೋ ಮೇಜಿನ ಮೇಲೆ ಪಾಸ್‌ವರ್ಡ್ ಸಮೇತ ಇತ್ತು ಅಂತ ನೆನೆದರೆ ಈಗಲೂ ಕಸಿವಿಸಿ. ಪಾಸ್‌ವರ್ಡ್ ಅಂದೇ ಬದಲಿಸಿದೆ.

ಅಳಿಯ ಮುಂದಿನ ವಾರ ಮಂಗಳೂರಿನಿಂದ ಒಂದು ಹಳೆಯ ಡಿಡಿಆರ್3 ಮಾದರಿಯ ರ‍್ಯಾಮ್ ಸ್ಟಿಕ್ ತಂದು ಹಾಕಿದ. ಎರಡೂ ಸ್ಟಿಕ್‌ನ ಫೋಟೋ ಈಗ ನನ್ನ ಮೊಬೈಲಿನಲ್ಲಿದೆ, ಸೀರಿಯಲ್ ನಂಬರ್ ಓದುವ ಹಾಗೆ.