ಜೆಟ್‌ಸ್ಕಿ ಎಂಜಿನ್ ರಿಪೇರಿಗೆ ಕೊಡುವ ಮುನ್ನ ಇದನ್ನು ಓದಿ

ಹಾಸನ, ಬೇಲೂರು, ಸಕಲೇಶಪುರ, ಚಿಕ್ಕಮಗಳೂರು ಕಡೆ ಜೆಟ್‌ಸ್ಕಿ, ಮೋಟಾರ್ ಬೋಟ್ ಇಟ್ಟುಕೊಂಡಿರುವವರು ದಯವಿಟ್ಟು ಪೂರ್ತಿ ಓದಿ. ಹಾಸನದ ಹೊರವಲಯದಲ್ಲಿರುವ ಒಂದು ಗ್ಯಾರೇಜಿನವರು “ನೀರಿನ ಎಂಜಿನ್ನೂ ನಾವೇ ಮಾಡುತ್ತೇವೆ, ಘಾಟಿ ಇಳಿದು ಮಂಗಳೂರಿಗೆ ಯಾಕೆ ಹೋಗುತ್ತೀರಿ” ಎಂದು ಹೇಳಿ ಕೆಲಸ ಹಿಡಿಯುತ್ತಿದ್ದಾರೆ. ನಮ್ಮದನ್ನೂ ಹಾಗೆಯೇ ಹಿಡಿದರು. ಹದಿನೆಂಟು ಸಾವಿರದ ರಿಪೇರಿಗೆ ಕೊಟ್ಟ ಎಂಜಿನ್ ಈಗ ಬಿಚ್ಚಿದ ಸ್ಥಿತಿಯಲ್ಲಿ ಬೇರೆಯವರ ಅಂಗಡಿಯಲ್ಲಿದೆ. ಗ್ಯಾರೇಜಿನ ಹೆಸರು ಇಲ್ಲಿ ಹಾಕುತ್ತಿಲ್ಲ. ದೂರು ಗ್ರಾಹಕರ ಆಯೋಗಕ್ಕೆ ಹೋಗುತ್ತಿದೆ, ಹೆಸರು ಬೇಡ ಎಂದು ವಕೀಲರು ಹೇಳಿದ್ದಾರೆ. ಆದರೆ ನಡೆದದ್ದನ್ನು ಹೇಳದೆ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ನಮ್ಮದು ಯಮಹಾ, 701 ಸಿಸಿ, ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. ಗಾಡಿ ಹಳೆಯದು, ನಿಜ. ಆದರೆ ಎಂಜಿನ್ ಗಟ್ಟಿಯಾಗಿತ್ತು. ನಾನೂ ನನ್ನ ಭಾವಮೈದುನನೂ ಸೇರಿ ಸಾಲ ಮಾಡಿ ಕೊಂಡದ್ದು. ಅನುಮತಿ ಪಡೆದು ಹೇಮಾವತಿ ಹಿನ್ನೀರಿನಲ್ಲಿ ನಾವೇ ಓಡಿಸುತ್ತೇವೆ, ಇದರಲ್ಲೇ ಎರಡು ಮನೆ ನಡೆಯಬೇಕು. ಮಳೆಗಾಲ ಮುಗಿದು ಗೊರೂರಿನ ಅಣೆಕಟ್ಟೆ ತುಂಬಿದಾಗ ಶೆಟ್ಟಿಹಳ್ಳಿಯ ಹಳೆಯ ಚರ್ಚ್ ನೀರಿನಲ್ಲಿ ನಿಂತಿರುವುದನ್ನು ನೋಡಲು ಜನ ಬರುತ್ತಾರೆ. ಅದರ ಹಿಂದೆಯೇ ಹಾಸನಾಂಬೆಯ ಬಾಗಿಲು ತೆರೆಯುತ್ತದೆ, ಜಿಲ್ಲೆಯ ತುಂಬ ಹೊರಗಿನ ಗಾಡಿಗಳು. ಆ ದಿನಗಳ ದುಡಿಮೆಯಲ್ಲೇ ವರ್ಷದ ಕಂತು ಕಟ್ಟಬೇಕು. ಸರಿಯಾಗಿ ಆ ದಿನಗಳಲ್ಲೇ ನಮ್ಮ ಗಾಡಿ ಶೆಡ್ಡು ಸೇರಿತು.

ಮೊದಲು ಇದ್ದ ತೊಂದರೆ ದೊಡ್ಡದಲ್ಲ. ಸ್ಟಾರ್ಟ್ ಆಗುತ್ತಿತ್ತು, ನಿಧಾನ ವೇಗದಲ್ಲಿ ಮುಗ್ಗರಿಸುತ್ತಿತ್ತು, ಕಾರ್ಬುರೇಟರಿನ ಬಾಯಿಂದ ಪೆಟ್ರೋಲ್ ಹಿಂದಕ್ಕೆ ಚಿಮ್ಮುತ್ತಿತ್ತು. ರೀಡ್ ಹೋಗಿದೆ ಎಂದು ಯಾರಾದರೂ ಹೇಳುತ್ತಾರೆ. ಹಳೆಯ ಆರ್‌ಎಕ್ಸ್ 100 ಬೈಕ್ ಬಿಚ್ಚಿದವರಿಗೆಲ್ಲ ರೀಡ್ ಎಂದರೆ ಏನೆಂದು ಗೊತ್ತು. ಗಾಳಿ ಮತ್ತು ಪೆಟ್ರೋಲನ್ನು ಎಂಜಿನ್ ಒಳಗೆ ಬಿಟ್ಟು, ಹಿಂದಕ್ಕೆ ಬಾರದಂತೆ ತಡೆಯುವ ತೆಳು ಪಟ್ಟಿಗಳು. ಗ್ಯಾರೇಜಿನ ಮಾಲೀಕರು ಹೇಳಿದ್ದೂ ಅದನ್ನೇ: “ಸಾರ್, ಆರ್‌ಎಕ್ಸ್ ಎಂಜಿನ್ ಎಷ್ಟು ಬಿಚ್ಚಿ ಕಟ್ಟಿದ್ದೇನೋ ಲೆಕ್ಕವಿಲ್ಲ. ಇದೂ ಯಮಹಾ, ಅದೂ ಯಮಹಾ. ನೀವು ನಿಶ್ಚಿಂತೆಯಾಗಿ ಮನೆಗೆ ಹೋಗಿ.”

ರೀಡ್ ಪಟ್ಟಿಗಳ ತುದಿ ಒಡೆದಿತ್ತು, ಅದನ್ನು ನಾನೇ ಕಣ್ಣಾರೆ ನೋಡಿದೆ. ಹೊಸ ಪಟ್ಟಿ ತರಿಸಿ ಹಾಕಿದರು. ಕಾರ್ಬುರೇಟರ್ ತೊಳೆದರು. ಗ್ಯಾಸ್ಕೆಟ್, ಪ್ಲಗ್, ಕೂಲಿ ಎಲ್ಲ ಸೇರಿ 18,500 ರೂಪಾಯಿ. ಬಿಲ್ ಕೇಳಿದರೆ ಬಿಳಿ ಚೀಟಿ. ಆ ಚೀಟಿಯಲ್ಲಿ ಒಂದು ಸಾಲು ಇದೆ, ಅದನ್ನು ನೆನಪಿಟ್ಟುಕೊಳ್ಳಿ: “ಲಾಕ್‌ಟೈಟ್ – 650”. ಲಾಕ್‌ಟೈಟ್ ಎಂದರೆ ಬೋಲ್ಟು ಸಡಿಲವಾಗದಂತೆ ಹಾಕುವ ಅಂಟು. ಹಳೆಯ ಸಾಮಾನು ಎಲ್ಲಿ ಎಂದು ಕೇಳಿದೆ. ಯಾವ ಗ್ಯಾರೇಜಿನಲ್ಲಾದರೂ ಬದಲಾಯಿಸಿದ ಸಾಮಾನನ್ನು ಒಂದು ಕವರಿಗೆ ಹಾಕಿ ಸೀಟಿನ ಕೆಳಗೆ ಇಟ್ಟು ಕೊಡುತ್ತಾರೆ. ಇಲ್ಲಿ “ಅದೆಲ್ಲ ಗುಜರಿಗೆ ಹೋಯಿತು ಸಾರ್” ಎಂದರು. ಟ್ರೈಲರ್ ಮೇಲೆಯೇ ಪೈಪಿನಿಂದ ನೀರು ಕೊಟ್ಟು ಸ್ವಲ್ಪ ಹೊತ್ತು ಓಡಿಸಿ ತೋರಿಸಿದರು. ಶಬ್ದ ಚೆನ್ನಾಗಿತ್ತು. ದುಡ್ಡು ಕೊಟ್ಟೆವು.

ನೀರಿಗಿಳಿಸಿದ ಮೇಲೆ ಮೊದಲು ಚೆನ್ನಾಗಿಯೇ ಓಡಿತು. ಒಂದು ಭಾನುವಾರ, ಬೆಂಗಳೂರಿನಿಂದ ಬಂದಿದ್ದ ಒಂದು ಕುಟುಂಬ. ತಂದೆಯನ್ನು ಹಿಂದೆ ಕೂರಿಸಿಕೊಂಡು ಭಾವಮೈದುನ ಹೊರಟ. ಹೆಂಡತಿ, ಮಕ್ಕಳು ದಡದಲ್ಲಿ ನಿಂತು ವಿಡಿಯೋ ಮಾಡುತ್ತಿದ್ದರು. ನೀರಿನ ನಡುವೆ ಎಂಜಿನ್ ಒಳಗಿನಿಂದ ಕಟಕಟ ಎಂಬ ಶಬ್ದ, ಅದು ನನಗೆ ದಡಕ್ಕೇ ಕೇಳಿಸಿತು. ಭಾವಮೈದುನ ಆಕ್ಸಿಲರೇಟರ್ ಬಿಡುವಷ್ಟರಲ್ಲಿ ಒಂದು ದೊಡ್ಡ ಏಟಿನ ಸದ್ದು, ನಿಂತುಹೋಯಿತು. ಆಮೇಲೆ ಎಷ್ಟು ಗುಂಡಿ ಒತ್ತಿದರೂ ಎಂಜಿನ್ ತಿರುಗಲಿಲ್ಲ. ಮೀನು ಹಿಡಿಯುವವರ ತೆಪ್ಪಕ್ಕೆ ಹಗ್ಗ ಕಟ್ಟಿ ಎಳೆಸಿಕೊಂಡು ಬರಬೇಕಾಯಿತು. ಆ ಮನುಷ್ಯ ಒಂದು ಮಾತೂ ಆಡಲಿಲ್ಲ. ಅವರ ಹೆಂಡತಿ ಮಾತ್ರ “ಇಂಥ ಗಾಡಿಯಲ್ಲಿ ಜನರನ್ನು ಕೂರಿಸುತ್ತೀರಲ್ಲ” ಎಂದರು. ಹಣ ವಾಪಸ್ ಕೊಟ್ಟೆವು. ಆ ಮಾತಿಗೆ ಏನು ಕೊಡಲಿ? ಸಾಲಾಗಿ ಕಾಯುತ್ತಿದ್ದವರೆಲ್ಲ ಎದ್ದು ಹೋದರು. ಇದು ನಾವು ಮಾಡಿದ ಕೆಲಸವಲ್ಲ, ಇನ್ನೊಬ್ಬರು ಮಾಡಿದ ಕೆಲಸಕ್ಕೆ ನಾವು ತಲೆತಗ್ಗಿಸಿ ನಿಂತೆವು.

ದಡದಲ್ಲೇ ಪ್ಲಗ್ ಬಿಚ್ಚಿದೆವು. ಒಂದು ಸಿಲಿಂಡರಿನ ಪ್ಲಗ್ಗು ಸರಿಯಾಗಿತ್ತು. ಇನ್ನೊಂದರ ತುದಿ ಜಜ್ಜಿ ಅಪ್ಪಚ್ಚಿಯಾಗಿತ್ತು, ಕಿಡಿ ಹಾರಬೇಕಾದ ಸಂದೇ ಉಳಿದಿರಲಿಲ್ಲ. ಇರಬಾರದ್ದು ಏನೋ ಸಿಲಿಂಡರ್ ಒಳಗೆ ಹೋಗದೆ ಹೀಗಾಗುವುದಿಲ್ಲ. ಫೋಟೊ ತೆಗೆದು ಗ್ಯಾರೇಜಿಗೆ ಕಳುಹಿಸಿದೆ. ಬಂದ ಉತ್ತರ: “ಪ್ಲಗ್ ಡೂಪ್ಲಿಕೇಟ್ ಸಾರ್, ಹೊಸದು ಹಾಕಿ ನೋಡಿ.” ಆ ಪ್ಲಗ್ಗು ಹಾಕಿದ್ದು ಅವರೇ! ಬಿಲ್ಲಿನಲ್ಲಿ ಇರುವುದೂ ಅವರದೇ ಪ್ಲಗ್ಗು! ಎಂಜಿನ್ ತಿರುಗುತ್ತಲೇ ಇಲ್ಲ, ಬಂದು ನೋಡಿ ಎಂದೆ. ನಾಳೆ ಬರುತ್ತೇನೆ ಎಂದರು. ಬರಲಿಲ್ಲ. ಮತ್ತೆ ಫೋನ್ ಮಾಡಿದರೆ ಮಾತೇ ಬೇರೆ: “ನಿಮ್ಮ ಹಿನ್ನೀರಿನಲ್ಲಿ ಮರಳು ಜಾಸ್ತಿ, ಅದನ್ನೇ ಎಳೆದುಕೊಂಡಿರುತ್ತದೆ.”

ಮರಳು! ಜೆಟ್‌ಸ್ಕಿಯ ಕೆಳಗಿನ ಜಾಲರಿಯಿಂದ ಬರುವ ನೀರು ಪಂಪಿಗೆ ಹೋಗುತ್ತದೆ. ಮರಳು ಬಂದರೆ ಪಂಪಿನ ಇಂಪೆಲ್ಲರ್ ಸವೆಯುತ್ತದೆ. ಎಂಜಿನ್ ತಣ್ಣಗಿಡಲು ಹೋಗುವ ನೀರಿನ ದಾರಿಯೇ ಬೇರೆ, ಪಿಸ್ಟನ್ ಓಡುವ ಜಾಗವೇ ಬೇರೆ. ಮರಳು ಪ್ಲಗ್ಗಿನ ತುದಿಯನ್ನು ಜಜ್ಜುತ್ತದೆಯೇ? ಇದನ್ನು ಹೇಳಿದ್ದಕ್ಕೆ, “ಹಾಗಾದರೆ ಆಯಿಲ್ ಕಡಿಮೆ ಹಾಕಿದ್ದೀರಿ” ಎಂದರು. ಆಯಿಲ್ ಟ್ಯಾಂಕ್ ಅರ್ಧಕ್ಕಿಂತ ಮೇಲಿತ್ತು, ಅದರ ಫೋಟೊವನ್ನೂ ಕಳುಹಿಸಿದೆ. ಅದಕ್ಕೆ ಉತ್ತರವಿಲ್ಲ. ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ.

ಬೇರೆ ದಾರಿ ಕಾಣದೆ ಎಂಜಿನ್ ಇಳಿಸಿ ಇನ್ನೊಂದು ಊರಿನ, ಎಂಜಿನ್ ಸಿಲಿಂಡರ್ ಕೊರೆದು ಸರಿಮಾಡುವ ಬೋರಿಂಗ್ ಅಂಗಡಿಗೆ ಒಯ್ದೆವು. ಇಳಿಸುವ ಮೊದಲು ಗ್ಯಾರೇಜಿನವರಿಗೆ ಬರೆದು ತಿಳಿಸಿದ್ದೇನೆ: ಇಂಥ ಅಂಗಡಿಯಲ್ಲಿ ಬಿಚ್ಚಿಸುತ್ತಿದ್ದೇವೆ, ನೀವೂ ಬಂದು ಎದುರಿಗೇ ನೋಡಿ ಎಂದು. ಆ ಸಂದೇಶ ನನ್ನ ಬಳಿ ಇದೆ. ಯಾರೂ ಬರಲಿಲ್ಲ.

ಅಂಗಡಿಯ ಯಜಮಾನರು ಹೆಡ್ ತೆಗೆದು, ಪಿಸ್ಟನ್ ಮೇಲಿನ ಮಸಿ ಒರೆಸಿ, ದೀಪದ ಕೆಳಗೆ ಹಿಡಿದರು. “ನೋಡಪ್ಪ ಇಲ್ಲಿ” ಎಂದರು. ಪಿಸ್ಟನ್ನಿನ ತಲೆಯ ತುಂಬ ಏಟಿನ ಗುಳಿಗಳು. ಅವುಗಳಲ್ಲಿ ಒಂದು ಕಡೆ ಸಣ್ಣ ಸಣ್ಣ ಗೆರೆಗಳು ಒತ್ತಾಗಿ, ಸಾಲಾಗಿ ಅಚ್ಚೊತ್ತಿದ್ದವು. ಬೋಲ್ಟಿನ ಮರೆ, ಅಂದರೆ ಥ್ರೆಡ್. ಬೋಲ್ಟಿನ ಮರೆ ಹಾಗೆಯೇ ಅಲ್ಯೂಮಿನಿಯಂ ಮೇಲೆ ಮುದ್ರೆಯಾಗಿ ಬಿದ್ದಿತ್ತು! ಆಯಿಲ್ ಇಲ್ಲದೆ ಹಿಡಿದುಕೊಂಡ ಪಿಸ್ಟನ್ನಿಗೆ ಪಕ್ಕದಲ್ಲಿ ಉದ್ದುದ್ದ ಗೀರು ಬೀಳುತ್ತವೆ, ತಲೆಯ ಮೇಲೆ ಮರೆಯ ಗುರುತು ಬೀಳುವುದಿಲ್ಲ ಎಂದು ಅವರೇ ಹೇಳಿದರು. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಸಲ ಪಿಸ್ಟನ್ ಮೇಲೆ ಬರುತ್ತದೆ. ಅಷ್ಟೂ ಸಲ ಆ ಬೋಲ್ಟು ಹೆಡ್ಡಿಗೂ ಪಿಸ್ಟನ್ನಿಗೂ ನಡುವೆ ಸಿಕ್ಕಿ ಕುಟ್ಟಿಸಿಕೊಂಡಿದೆ.

ಬೋಲ್ಟ್ ಎಲ್ಲಿಂದ ಬಂತು? ರೀಡ್ ಇರುವ ಚೌಕಟ್ಟನ್ನು ಹೊರಗೆ ತೆಗೆದರು. ಪಟ್ಟಿಗಳನ್ನು ಹಿಡಿದಿಡುವ ಪುಟ್ಟ ಬೋಲ್ಟುಗಳು ಅದರಲ್ಲಿರುತ್ತವೆ, ಕಿರುಬೆರಳಿನ ಉಗುರಿನಷ್ಟೂ ಅಗಲವಿಲ್ಲ. ಅವು ಇರುವುದು ಕ್ರ್ಯಾಂಕ್‌ಕೇಸಿನ ಕಡೆಗೆ. ಒಂದು ಕಳಚಿದರೂ ಬೀಳುವುದು ನೇರ ಎಂಜಿನ್ ಹೊಟ್ಟೆಗೆ, ಅಲ್ಲಿಂದ ಗಾಳಿಯ ಜೊತೆ ಪೋರ್ಟಿನ ಮೂಲಕ ಸಿಲಿಂಡರಿಗೆ. ಅದಕ್ಕಾಗಿಯೇ ಆ ಬೋಲ್ಟುಗಳಿಗೆ ಕಡ್ಡಾಯವಾಗಿ ಅಂಟು ಹಾಕಿ ಬಿಗಿಯಬೇಕು. ನಮ್ಮದರಲ್ಲಿ ಒಂದು ಬೋಲ್ಟ್ ಜಾಗ ಖಾಲಿ. ಉಳಿದವನ್ನು ಯಜಮಾನರು ಸ್ಕ್ರೂಡ್ರೈವರ್ ಮುಟ್ಟಿಸದೆ, ಬೆರಳಿನಲ್ಲೇ, ಬರಿಯ ಬೆರಳಿನಲ್ಲೇ ತಿರುಗಿಸಿ ಹೊರತೆಗೆದು ನನ್ನ ಅಂಗೈಯಲ್ಲಿಟ್ಟರು. ಮರೆಗಳು ಹೊಸದರಂತೆ ಹೊಳೆಯುತ್ತಿದ್ದವು. ಅಂಟಿನ ಒಂದು ಚುಕ್ಕೆ ಇಲ್ಲ. ನೀಲಿ ಲಾಕ್‌ಟೈಟ್ ಹಾಕಿದ್ದರೆ ಒಣಗಿದ ಪುಡಿಯಾದರೂ ಮರೆಯ ಸಂದಿನಲ್ಲಿ ಉಳಿದಿರಬೇಕು. ಏನೂ ಇಲ್ಲ.

ಆಗ ಚೀಟಿ ನೆನಪಾಯಿತು. ಜೇಬಿನಿಂದ ತೆಗೆದು ಮತ್ತೆ ಓದಿದೆ. “ಲಾಕ್‌ಟೈಟ್ – 650.”

ಹಾಕದ ಅಂಟಿಗೆ ದುಡ್ಡು ತೆಗೆದುಕೊಂಡಿದ್ದಾರೆ. ಮರೆತರು ಎಂದಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಯಾವ ಮೇಸ್ತ್ರಿಗಾದರೂ ಮರೆವು ಬರುತ್ತದೆ. ಆದರೆ ಹಾಕಬೇಕು ಎಂದು ಅವರಿಗೆ ಗೊತ್ತಿತ್ತು! ಗೊತ್ತಿದ್ದುದರಿಂದಲೇ ಅದನ್ನು ಚೀಟಿಯಲ್ಲಿ ಬರೆದಿದ್ದಾರೆ, ಬರೆದು ದುಡ್ಡು ಎಣಿಸಿಕೊಂಡಿದ್ದಾರೆ. ಆ ಅಂಗಡಿಯಲ್ಲಿ ನಿಂತು ಅಂಗೈಯಲ್ಲಿ ಆ ಬೋಲ್ಟುಗಳನ್ನು ಹಿಡಿದುಕೊಂಡಾಗ ನನ್ನ ಮುಖ ಬಿಸಿಯಾಯಿತು. ಭಾವಮೈದುನ ನನ್ನ ಕಡೆ ನೋಡಲೇ ಇಲ್ಲ. ಆ ಗಾಡಿಯ ಮೇಲೆ ಜನ ಕೂರುತ್ತಾರೆ. ನೀರಿನ ನಡುವೆ ಕೂರುತ್ತಾರೆ. ಅದು ಅವರಿಗೆ ಗೊತ್ತಿರಲಿಲ್ಲವೇ?

ಫೋಟೊ, ವಿಡಿಯೋ ಎಲ್ಲ ಕಳುಹಿಸಿ ನೇರವಾಗಿ ಗ್ಯಾರೇಜಿಗೇ ಹೋದೆ. “ಅಣ್ಣ, ಇದಕ್ಕೇನು ಹೇಳುತ್ತೀರಿ” ಎಂದು ಕೇಳಿದೆ. ಅವರು ಕೊಟ್ಟ ಉತ್ತರಗಳನ್ನು ಒಂದೂ ಬಿಡದೆ ಬರೆಯುತ್ತೇನೆ. ಮೊದಲು: “ಕಂಪನಿಯಿಂದಲೇ ಸಡಿಲವಾಗಿ ಬಂದಿರಬೇಕು.” ಇಷ್ಟು ವರ್ಷ ಓಡಿದ ಎಂಜಿನ್ನಿನಲ್ಲಿ, ಇವರೇ ಬಿಚ್ಚಿ ಹಾಕಿದ ಬೋಲ್ಟು, ಕಂಪನಿಯಿಂದ ಸಡಿಲವಂತೆ. ಆಮೇಲೆ: “ನೀರಿನ ಮೇಲೆ ಕುಪ್ಪಳಿಸುವ ಗಾಡಿ ಸಾರ್, ನಡುಗಿ ನಡುಗಿ ಸಡಿಲವಾಗುತ್ತದೆ.” ಹೌದು, ನಡುಗುತ್ತದೆ ಎಂದೇ ಅಂಟು ಹಾಕುವುದು. ಆಮೇಲೆ: “ನಿಮ್ಮ ಹುಡುಗರು ಯಾರೋ ಮಧ್ಯದಲ್ಲಿ ಬಿಚ್ಚಿದ್ದಾರೆ.” ನಮ್ಮಲ್ಲಿ ಹುಡುಗರೇ ಇಲ್ಲ, ಇರುವವರು ನಾವಿಬ್ಬರೇ. ಕೊನೆಗೆ: “ಬೇರೆ ಕಡೆ ಬಿಚ್ಚಿಸಿದ ಮೇಲೆ ನಮ್ಮ ಜವಾಬ್ದಾರಿ ಮುಗಿಯಿತು.” ಕರೆದಾಗ ಬಾರದವರು ಹೇಳುವ ಮಾತೇ ಇದು?

ಚೀಟಿ ತೋರಿಸಿ ಲಾಕ್‌ಟೈಟ್ ಎಲ್ಲಿ ಹಾಕಿದಿರಿ ಎಂದು ಕೇಳಿದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾದರು. ನಂತರ ಗ್ಯಾರೇಜಿನಲ್ಲಿದ್ದ ಬೇರೆ ಗಿರಾಕಿಗಳಿಗೆಲ್ಲ ಕೇಳಿಸುವಂತೆ ಹೇಳಿದರು: “ಹತ್ತು ರೂಪಾಯಿಯ ಬೋಲ್ಟಿಗೆ ಇಷ್ಟು ಗಲಾಟೆ ಮಾಡುತ್ತೀರಲ್ಲ ಸಾರ್, ಬೇಕಾದರೆ ಆ ಹತ್ತು ರೂಪಾಯಿ ನಾನೇ ಕೊಡುತ್ತೇನೆ.” ಇಬ್ಬರು ನಕ್ಕರು. ನಾನು ಚೀಟಿ ಮಡಚಿಕೊಂಡು ಹೊರಗೆ ಬಂದೆ. ಅಲ್ಲಿ ಇನ್ನೊಂದು ಮಾತಾಡಿದ್ದರೆ ಕೈ ಮೇಲೇಳುತ್ತಿತ್ತು.

ಆ ಹತ್ತು ರೂಪಾಯಿಯ ಬೋಲ್ಟು ಮಾಡಿರುವುದು ಇಷ್ಟು. ಪಿಸ್ಟನ್ ಹೋಯಿತು. ಹೆಡ್ ಒಳಗೆ ಗುಳಿ ಬಿದ್ದಿದೆ. ಸಿಲಿಂಡರ್ ಗೋಡೆ ಗೀರಿದೆ, ಬೋರ್ ಮಾಡಿಸಲೇಬೇಕು. ಮೂಲ ಅಳತೆ 81 ಮಿಲಿಮೀಟರ್. ಕಾಲು ಮಿಲಿಮೀಟರ್ ದೊಡ್ಡದು ಮಾಡಿದರೂ ಗೀರು ಹೋಗದು, ಅರ್ಧಕ್ಕೆ ಹೋಗಬೇಕು ಎಂದು ಯಜಮಾನರ ಅಂದಾಜು. ಕೆಟ್ಟದ್ದು ಒಂದು ಸಿಲಿಂಡರ್ ಆದರೂ ಎರಡಕ್ಕೂ ಒಂದೇ ಅಳತೆಯ ಪಿಸ್ಟನ್ ಹಾಕುವುದು ಒಳ್ಳೆಯದು. ಬೋಲ್ಟಿನ ಚೂರುಗಳು ಕ್ರ್ಯಾಂಕಿನ ಬೇರಿಂಗಿಗೆ ಹೋಗಿರಬಹುದಾದ್ದರಿಂದ ಕ್ರ್ಯಾಂಕ್‌ಕೇಸನ್ನೂ ಬಿಚ್ಚಿ ತೊಳೆಯಬೇಕು. ಪಿಸ್ಟನ್, ರಿಂಗ್ ಎಲ್ಲ ಹೊರಗಿನಿಂದ ತರಿಸಬೇಕು. ಒಂದು ಲಕ್ಷ ದಾಟುತ್ತದೆ. ಅದು ಬರುವ ಹೊತ್ತಿಗೆ ಜನ ಬರುವ ದಿನಗಳು ಮುಗಿದಿರುತ್ತವೆ, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ.

ರಿಪೇರಿಗೆ ಕೊಡುವವರಿಗೆ ನಾನು ಹೇಳುವುದು ಇಷ್ಟೇ. ಎಂಜಿನ್ ಮುಚ್ಚುವ ಮೊದಲು ಎದುರಿಗೆ ನಿಂತು, ಒಳಗೆ ಅಂಟು ಬೇಕಾದ ಪ್ರತಿ ಬೋಲ್ಟಿಗೂ ಅದನ್ನು ಹಾಕಿಸಿ, ಬಿಗಿದ ಮೇಲೆ ಪೇಂಟಿನ ಗುರುತು ಹಾಕಿಸಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಗೊಣಗುತ್ತಾರೆ, ಗೊಣಗಲಿ. ಹಳೆಯ ಸಾಮಾನು ಕೈಗೆ ಬಾರದೆ ದುಡ್ಡು ಕೊಡಬೇಡಿ. ಜಿಎಸ್‌ಟಿ ಬಿಲ್ ಕೊಡದ ಗ್ಯಾರೇಜಿಗೆ ಎಂಜಿನ್ ಬಿಡಲೇಬೇಡಿ. ಬೈಕ್ ಎಂಜಿನ್ ಗೊತ್ತು ಎಂದ ಮಾತ್ರಕ್ಕೆ ಇದೂ ಗೊತ್ತು ಎನ್ನುವವರನ್ನು ನಂಬಬೇಡಿ. ದೂರವಾದರೂ ಸರಿ, ಬೋಟ್ ಎಂಜಿನ್ ಕೆಲಸವನ್ನೇ ಮಾಡುವ ಕರಾವಳಿಯವರ ಬಳಿಗೆ ಹೋಗಿ. ಘಾಟಿಯ ಡೀಸೆಲ್ ಖರ್ಚು ಇದರ ಮುಂದೆ ಏನೂ ಅಲ್ಲ.

ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಿದ್ಧವಾಗಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ಘಟನೆ ನಡೆದ 2 ವರ್ಷದೊಳಗೆ ದೂರು ಕೊಡಬೇಕು. ವ್ಯಾಪಾರಕ್ಕೆ ಬಳಸುವ ವಸ್ತು ಎಂದು ಎದುರಿನವರು ತಕರಾರು ತೆಗೆಯುತ್ತಾರೆ, ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಎಂದು ದೂರಿನಲ್ಲೇ ಸ್ಪಷ್ಟವಾಗಿ ಬರೆಯಬೇಕು ಎಂದು ವಕೀಲರು ಹೇಳಿದರು. ಬರೆದಿದ್ದೇವೆ. ಪಿಸ್ಟನ್, ಬೋಲ್ಟುಗಳು, ಚೀಟಿ, ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿ ಇಟ್ಟಿದ್ದೇನೆ. ಇದೇ ರೀತಿ ಬಿಳಿ ಚೀಟಿ ತೆಗೆದುಕೊಂಡು ಎಂಜಿನ್ ಕಳೆದುಕೊಂಡವರು ನಮ್ಮ ಜಿಲ್ಲೆಯಲ್ಲಿ ಬೇರೆ ಯಾರಾದರೂ ಇದ್ದರೆ ಆ ಚೀಟಿಯನ್ನು ಹರಿಯಬೇಡಿ, ಅವರು ಕಳುಹಿಸಿದ ಸಂದೇಶಗಳನ್ನು ಅಳಿಸಬೇಡಿ, ನನಗೆ ತಿಳಿಸಿ. ಒಬ್ಬನೇ ಹೋದರೆ ಹತ್ತು ರೂಪಾಯಿ ಕೊಡುತ್ತೇನೆ ಎನ್ನುತ್ತಾರೆ. ನಾಲ್ಕು ಜನ ಒಟ್ಟಿಗೆ ಹೋದರೆ ಏನೆನ್ನುತ್ತಾರೋ ನೋಡೋಣ.