ಕೈಗೆ ಬಿಸಿ ತಾಗದ ರೇಡಿಯೇಟರ್: ಹೀಟ್ ಪಂಪಿನೊಂದಿಗೆ ಎರಡು ಚಳಿಗಾಲ

ಮನೆ ಬೆಚ್ಚಗಿಡುತ್ತಿದ್ದ ನಮ್ಮ ಹಳೆಯ ಗ್ಯಾಸ್ ಬಾಯ್ಲರ್ ಕೈಕೊಟ್ಟದ್ದು ಹೊರಗೆ ಮೈನಸ್ 11 ಡಿಗ್ರಿ ಇದ್ದ ಒಂದು ರಾತ್ರಿ. ಇಪ್ಪತ್ತೆರಡು ವರ್ಷ ದುಡಿದ ಯಂತ್ರ, ಅದನ್ನು ಬೈಯುವ ಹಾಗಿಲ್ಲ. ಬೈಯಬೇಕಾದದ್ದು ನನ್ನನ್ನೇ. ಹಿಂದಿನ ವರ್ಷವೇ ಅದು ಕೆಮ್ಮುತ್ತಿತ್ತು. ಬೇಸಿಗೆಯಲ್ಲಿ ನೋಡೋಣ ಎಂದು ಮುಂದೂಡಿದ್ದೆ. ಬೇಸಿಗೆಯಲ್ಲಿ ಚಳಿ ಯಾರಿಗೆ ನೆನಪಿರುತ್ತದೆ?

ಮುಂದಿನ ಎರಡು ವಾರ ಎರಡು ವಿದ್ಯುತ್ ಹೀಟರ್‌ಗಳನ್ನು ಕೋಣೆಯಿಂದ ಕೋಣೆಗೆ ಎಳೆದಾಡಿದೆವು. ಒಂದು ಯೂನಿಟ್ ವಿದ್ಯುತ್ ತಿಂದು ಒಂದು ಯೂನಿಟ್ ಶಾಖ ಕೊಡುವ ಪೆಟ್ಟಿಗೆಗಳು ಅವು. ಅದರಲ್ಲಿ ಮೋಸವಿಲ್ಲ, ಲಾಭವೂ ಇಲ್ಲ. ಲೆಕ್ಕಪತ್ರ ಬರೆಯುವುದೇ ನನ್ನ ಕಸುಬಾದ್ದರಿಂದ, ರಾತ್ರಿ ಕಂಬಳಿ ಹೊದ್ದು ಕುಳಿತು ಉಳಿದ ದಾರಿಗಳ ಲೆಕ್ಕ ಹಾಕಿದೆ.

ನನ್ನವರಿಗೆ ಸೌದೆ ಒಲೆಯ ಮೇಲೆ ಆಸೆ. ಆದರೆ ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ತೇವ ಶೇಕಡಾ 20ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸದೆ ಉರಿಸಿದರೆ ಶಾಖಕ್ಕಿಂತ ಹೊಗೆಯೇ ಹೆಚ್ಚು. ಮನೆಯಲ್ಲಿ ಉಬ್ಬಸದ ಅತ್ತೆ ಇದ್ದಾರೆ. ಅಲ್ಲಿಗೆ ಆ ಮಾತು ಮುಗಿಯಿತು. ನೆಲದಿಂದ ಶಾಖ ಎಳೆಯುವ ಬಗೆಗೆ ಬೋರ್ ಕೊರೆಯಬೇಕು, ನಮ್ಮ ಗೇಟಿನಲ್ಲಿ ಆ ಲಾರಿ ನುಗ್ಗುವುದಿಲ್ಲ. ಹೊಸ ಗ್ಯಾಸ್ ಬಾಯ್ಲರ್ ಎಲ್ಲಕ್ಕಿಂತ ಸಲೀಸು, ಆದರೆ ಇನ್ನು ಇಪ್ಪತ್ತು ವರ್ಷ ಒಂದೇ ಇಂಧನಕ್ಕೆ ಕಟ್ಟುಬೀಳಲು ಮನಸ್ಸು ಬರಲಿಲ್ಲ. ಉಳಿದದ್ದು ಹೊರಗಿನ ಗಾಳಿಯಿಂದ ಶಾಖ ಎಳೆದು ರೇಡಿಯೇಟರ್‌ನ, ಅಂದರೆ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ಲೋಹದ ಫಲಕಗಳ, ನೀರು ಕಾಯಿಸುವ ಹೀಟ್ ಪಂಪ್.

ಹೆಪ್ಪುಗಟ್ಟಿಸುವ ಗಾಳಿಯಲ್ಲಿ ಶಾಖ ಎಲ್ಲಿಂದ ಬರಬೇಕು ಎಂದು ಮನೆಯವರೆಲ್ಲ ನಕ್ಕರು. ಫ್ರಿಜ್‌ನ ಬೆನ್ನು ಮುಟ್ಟಿ ನೋಡಿ ಎಂದೆ. ಒಳಗಿನ ತಂಪು ಡಬ್ಬಿಯಿಂದ ಅದು ಶಾಖ ಹೀರಿ ಹಿಂದಕ್ಕೆ ದಬ್ಬುವುದಿಲ್ಲವೇ? ನಮ್ಮ ಯಂತ್ರದೊಳಗೆ ಸುತ್ತುವುದು ಪ್ರೊಪೇನ್. ಸಾಮಾನ್ಯ ಒತ್ತಡದಲ್ಲಿ ಅದು ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ. ಅಂಥ ದ್ರವಕ್ಕೆ ಮೈನಸ್ 15ರ ಗಾಳಿಯೂ ಒಲೆಯೇ. ಕುದಿದು ಆವಿಯಾದದ್ದನ್ನು ಕಂಪ್ರೆಸರ್ ಹಿಂಡಿ ಬಿಸಿ ಮಾಡುತ್ತದೆ, ಆ ಬಿಸಿ ನೀರಿಗೆ ಸೇರುತ್ತದೆ. ಹೊಸ ಬೆಡಗೂ ಅಲ್ಲ ಇದು: ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ 1852ರಲ್ಲೇ ಇಂಥ ಯಂತ್ರದಿಂದ ಕಟ್ಟಡ ಬೆಚ್ಚಗಿಡಬಹುದು ಎಂದು ಬರೆದಿದ್ದ.

ಇಷ್ಟೆಲ್ಲ ಓದಿಕೊಂಡವಳು ಮಾಡಿದ ದಡ್ಡತನ ಕೇಳಿ. ಯಂತ್ರವನ್ನು ದಿನಗಟ್ಟಲೆ ಅಳೆದು ತೂಗಿ ಆರಿಸಿದೆ, ಮನೆಯನ್ನು ಅಳೆಯಲೇ ಇಲ್ಲ. ಅಳವಡಿಸುವ ಸಂಸ್ಥೆಯವರು ಬಂದು ಹತ್ತು ನಿಮಿಷ ಕೋಣೆಗಳಲ್ಲಿ ಸುತ್ತಾಡಿದರು, ನೆಲದ ವಿಸ್ತೀರ್ಣವನ್ನು ಯಾವುದೋ ಅಂಕಿಯಿಂದ ಗುಣಿಸಿದರು, "14 ಕಿಲೋವ್ಯಾಟ್ ಹಾಕಿಬಿಡೋಣ ಮೇಡಂ, ದೊಡ್ಡದಿದ್ದರೆ ನಷ್ಟವೇನೂ ಇಲ್ಲ" ಎಂದರು. ನಾನು ತಲೆಯಾಡಿಸಿದೆ. ನೀರಿನ ಬಿಸಿಯನ್ನು 55 ಡಿಗ್ರಿಗೆ ಕಟ್ಟಿಟ್ಟು ಹೋದರು.

ಮೊದಲ ಚಳಿಗಾಲದಲ್ಲಿ ಮನೆ ಬೆಚ್ಚಗಿತ್ತು, ಸುಳ್ಳು ಹೇಳಬಾರದು. ರೇಡಿಯೇಟರ್ ಸುಡುತ್ತಿತ್ತು, ಅತ್ತೆ ಅಂಗೈ ಒತ್ತಿಕೊಂಡು ತೃಪ್ತರಾಗಿ ಕೂರುತ್ತಿದ್ದರು. ಆದರೆ ಯಂತ್ರದ ಪರದೆಯ ಮೇಲಿನ ಲೆಕ್ಕ ನನಗೆ ನಿದ್ದೆ ಕೊಡಲಿಲ್ಲ. ಒಂದು ಯೂನಿಟ್ ವಿದ್ಯುತ್ತಿಗೆ ಮೂರಕ್ಕಿಂತ ಹೆಚ್ಚು ಶಾಖ ಎಂದು ನಂಬಿದ್ದೆ, ಸಿಕ್ಕಿದ್ದು 2.2. ಚಳಿ ಸ್ವಲ್ಪ ಸಡಿಲಿಸಿದ ದಿನಗಳಲ್ಲಂತೂ ಕಂಪ್ರೆಸರ್ ಗಂಟೆಗೆ ಐದಾರು ಸಲ ಹೊತ್ತಿ ಆರುತ್ತಿತ್ತು.

ಆಗ ಹಳೆಯ ದಾಖಲೆ ತೆಗೆದೆ. ಪ್ರತಿ ಭಾನುವಾರ ಮೀಟರ್ ಓದಿ ಬರೆದಿಡುವುದು ನನ್ನ ಹಳೆಯ ಚಟ. ಸರಾಸರಿ ಮೈನಸ್ 12 ಇದ್ದ ಒಂದು ವಾರದಲ್ಲಿ ಹಳೆಯ ಬಾಯ್ಲರ್ ತಿಂದ ಅನಿಲ 1,400 ಕಿಲೋವ್ಯಾಟ್ ಗಂಟೆ. ವಾರಕ್ಕೆ 168 ಗಂಟೆ, ಭಾಗಿಸಿದರೆ 8.3 ಕಿಲೋವ್ಯಾಟ್. ಹಳೆಯ ಬಾಯ್ಲರ್‌ನಲ್ಲಿ ಶೇಕಡಾ 15ರಷ್ಟು ಚಿಮಣಿಯ ಪಾಲೆಂದು ಕಳೆದರೆ ಮನೆಗೆ ಬೇಕಿದ್ದದ್ದು 7 ಕಿಲೋವ್ಯಾಟ್. ಮೈನಸ್ 15ರ ಚಳಿಗೆ ಲೆಕ್ಕ ಹಾಕಿದರೂ ಎಂಟು ದಾಟುವುದಿಲ್ಲ. ಅಂದರೆ ಅಳತೆ ಕೊಡದೆ ಹೊಲಿಸಿದ ಅಂಗಿಯಂತೆ, ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡ ಯಂತ್ರವನ್ನು ಮನೆಗೆ ತೊಡಿಸಿದ್ದೆ. ಅದು ಎಷ್ಟು ನಿಧಾನವಾಗಿ ಓಡಿದರೂ 5 ಕಿಲೋವ್ಯಾಟಿಗಿಂತ ಕೆಳಗೆ ಇಳಿಯಲಾರದು. ಮನೆಗೆ ಎರಡೂವರೆ ಸಾಕಾದ ದಿನ ಓಡಿ ನಿಂತು, ಓಡಿ ನಿಂತು ಸವೆಯುವುದೇ ಅದರ ಪಾಡು. ಸಂಸ್ಥೆಗೆ ಮೂರು ಪತ್ರ ಬರೆದೆ. ಯಂತ್ರ ಬದಲಾಗಲಿಲ್ಲ.

ಬದಲಾಯಿಸಲು ಸಾಧ್ಯವಿದ್ದದ್ದು ನೀರಿನ ಬಿಸಿಯನ್ನು. ಹೀಟ್ ಪಂಪ್ ಕೊಳ್ಳುವವರು ಕಂಪನಿಯ ಹೆಸರಿಗಿಂತ ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ಇದನ್ನೇ ಎಂದು ಈಗ ನನ್ನ ವಾದ. ನೀರು ಒಂದು ಡಿಗ್ರಿ ಕಡಿಮೆಯಾದರೆ ಶೇಕಡಾ ಎರಡು ಮೂರರಷ್ಟು ವಿದ್ಯುತ್ ಉಳಿಯುತ್ತದೆ. ತೊಡಕೆಂದರೆ, 75 ಡಿಗ್ರಿ ನೀರಿಗೆಂದು ಕೂರಿಸಿದ ರೇಡಿಯೇಟರ್ 45ರ ನೀರಿನಲ್ಲಿ ಹೊರಹಾಕುವ ಶಾಖ ಮೂರನೇ ಒಂದು ಭಾಗದಷ್ಟು ಮಾತ್ರ. ಹಾಗಾಗಿ ಮೊದಲು ಅಟ್ಟಕ್ಕೆ ದಪ್ಪನೆಯ ಶಾಖನಿರೋಧಕ ಹಾಸಿಸಿದೆ, ಕಿಟಕಿಗಳ ಸಂದು ಮುಚ್ಚಿಸಿದೆ. ಅದಿಲ್ಲದೆ ಯಾವ ಯಂತ್ರ ತಂದರೂ ತೂತು ಬಿಂದಿಗೆಗೆ ನೀರು ಹೊತ್ತಂತೆ. ಚಳಿ ಹೆಚ್ಚಿರುವ ಮೂರು ಕೋಣೆಗಳಿಗೆ ಎರಡು ಪದರದ ದೊಡ್ಡ ರೇಡಿಯೇಟರ್ ಹಾಕಿಸಿದೆ. ಹೊರಗಿನ ಚಳಿಗೆ ತಕ್ಕಂತೆ ನೀರಿನ ಬಿಸಿಯನ್ನು ತಾನೇ ಏರಿಸಿ ಇಳಿಸುವ ಸೌಲಭ್ಯ ಯಂತ್ರದಲ್ಲಿ ಮೊದಲಿನಿಂದಲೂ ಇತ್ತು; ಯಾರೂ ಅದನ್ನು ಚಾಲೂ ಮಾಡಿರಲಿಲ್ಲ! ಈಗ ಮೈನಸ್ 15ರಲ್ಲಿ 45 ಡಿಗ್ರಿ, ಹೊರಗೆ 10 ಇದ್ದಾಗ 30. ಎರಡನೆಯ ಚಳಿಗಾಲದ ಸರಾಸರಿ 3.1ಕ್ಕೆ ಬಂತು. ಕಡು ಚಳಿಯ ದಿನಗಳಲ್ಲಿ ಈಗಲೂ ಎರಡರ ಆಸುಪಾಸಿನಲ್ಲೇ ಇರುತ್ತದೆ, ಅದು ಯಂತ್ರದ ತಪ್ಪಲ್ಲ.

ಅತ್ತೆ ಮಾತ್ರ ಒಪ್ಪಲಿಲ್ಲ. ಅಂಗೈ ಇಟ್ಟು ನೋಡಿ, "ಇದು ಕೆಟ್ಟುಹೋಗಿದೆ ಕಣಮ್ಮ, ಬಿಸಿಯೇ ಇಲ್ಲ" ಎಂದರು. ಚಳಿಯಾಗುತ್ತಿದೆಯೇ ಎಂದು ಕೇಳಿದರೆ, ಇಲ್ಲ. ಆದರೆ ಬಿಸಿಯೇ ಇಲ್ಲ. ಕೊನೆಗೆ ಅವರ ಕುರ್ಚಿಯ ಪಕ್ಕದಲ್ಲೊಂದು ಥರ್ಮಾಮೀಟರ್ ನೇತುಹಾಕಿದೆ. 21 ಎಂದು ದಿನಕ್ಕೆ ಹತ್ತು ಸಲ ಓದಿ ಓದಿ ಎರಡು ವಾರಕ್ಕೆ ಸುಮ್ಮನಾದರು.

ಯಾರೂ ಮೊದಲೇ ಹೇಳದ ಸಂಗತಿಗಳು ಇನ್ನೂ ಇವೆ. ಒಂದು ಬೆಳಗ್ಗೆ ಹೊರಗಿನ ಪೆಟ್ಟಿಗೆಯಿಂದ ದಟ್ಟವಾದ ಬಿಳಿ ಹೊಗೆ ಎದ್ದಿತು, ಬೆಂಕಿ ಬಿತ್ತೆಂದು ನಾನು ಕೂಗಿಕೊಂಡೆ. ಹೊಗೆಯಲ್ಲ, ಹಬೆ. ಸುರುಳಿಗಳ ಮೇಲೆ ಕಟ್ಟಿದ ಮಂಜನ್ನು ಕರಗಿಸಲು ಯಂತ್ರ ಕೆಲವು ನಿಮಿಷ ತಿರುವುಮುರುವಾಗಿ ಓಡುತ್ತದೆ. ಇದು ಹೆಚ್ಚಾಗುವುದು ಮೈನಸ್ 15ರ ಒಣ ಚಳಿಯಲ್ಲಲ್ಲ, ಸೊನ್ನೆಯ ಆಸುಪಾಸಿನ ಒದ್ದೆ ಹವೆಯಲ್ಲಿ. ಹಾಗೆ ಕರಗಿದ ನೀರು ನಮ್ಮ ಕಾಲುದಾರಿಯ ಮೇಲೆ ಹರಿದು ಗಾಜಿನಂತೆ ಹೆಪ್ಪುಗಟ್ಟಿತು. ನನ್ನ ಎಡ ಮೊಣಕೈಗೆ ಆ ಪಾಠ ಚೆನ್ನಾಗಿ ನೆನಪಿದೆ. ಈಗ ಪೆಟ್ಟಿಗೆಯನ್ನು ಹಿಮಕ್ಕೆ ಸಿಗದಷ್ಟು ಎತ್ತರದ ಸ್ಟ್ಯಾಂಡ್ ಮೇಲೆ ಕೂರಿಸಿ, ಕೆಳಗೆ ಜಲ್ಲಿ ತುಂಬಿದ ಗುಂಡಿ ಮಾಡಿಸಿದ್ದೇನೆ.

ಬಾಯ್ಲರ್ ಕಾಲದ ಅಭ್ಯಾಸದಂತೆ ರಾತ್ರಿ ಥರ್ಮೋಸ್ಟಾಟ್ ಇಳಿಸುತ್ತಿದ್ದೆ. ಬೆಳಗ್ಗೆ ಮನೆಯನ್ನು ಬೇಗ ಮೇಲೆತ್ತಲು ಯಂತ್ರದೊಳಗಿನ 6 ಕಿಲೋವ್ಯಾಟಿನ ವಿದ್ಯುತ್ ಕಾಯಿಲ್ ಸದ್ದಿಲ್ಲದೆ ಹೊತ್ತಿಕೊಳ್ಳುತ್ತಿತ್ತು. ಉಳಿಸಿದೆ ಎಂದುಕೊಂಡದ್ದನ್ನು ಅದು ಕಳ್ಳನಂತೆ ತಿನ್ನುತ್ತಿತ್ತು. ಈಗ ಮೈನಸ್ 18ಕ್ಕಿಂತ ಕೆಳಗೆ ಮಾತ್ರ ಅದಕ್ಕೆ ಅಪ್ಪಣೆ, ರಾತ್ರಿ ಹಗಲು ಒಂದೇ ಉಷ್ಣಾಂಶ. ಸದ್ದಿನ ಬಗ್ಗೆ ದೊಡ್ಡ ದೂರಿಲ್ಲ, ಆದರೆ ಮಲಗುವ ಕೋಣೆಯ ಗೋಡೆಗೆ ಇದನ್ನು ಬಿಗಿಸಲೇಬೇಡಿ; ಸಣ್ಣ ಗುಂಯ್‌ಗುಡಿತ ಗೋಡೆಯೊಳಗೆ ಇಳಿದು ದಿಂಬಿಗೆ ಬರುತ್ತದೆ.

ಕಳೆದ ಚಳಿಗಾಲದಲ್ಲಿ ಒಮ್ಮೆ ಒಂಬತ್ತು ಗಂಟೆ ವಿದ್ಯುತ್ ಹೋಯಿತು, ಹೊರಗೆ ಮೈನಸ್ 8. ಹೊರಗಿನ ಕೊಳವೆಯಲ್ಲಿ ನೀರು ಹೆಪ್ಪುಗಟ್ಟುವ ಮೊದಲೇ ತಾನಾಗಿ ತೆರೆದುಕೊಳ್ಳುವ ಕವಾಟ ನೀರನ್ನು ಹೊರಚೆಲ್ಲಿ ಯಂತ್ರವನ್ನು ಉಳಿಸಿತು. ಮರುದಿನ ನೀರು ತುಂಬಿಸಿ ಗಾಳಿ ತೆಗೆಯುವ ಕೆಲಸ ಬಿತ್ತು, ಇರಲಿ. ಮನೆ 21ರಿಂದ 16ಕ್ಕೆ ಇಳಿದಿತ್ತು. ಬಾಯ್ಲರ್ ಇದ್ದಿದ್ದರೂ ಪಂಪ್ ನಿಂತು ಇದೇ ಗತಿ ಎಂದು ನಾನು ವಾದಿಸುವ ಮೊದಲೇ ನನ್ನವರು, ಸೌದೆ ಒಲೆಗೆ ವಿದ್ಯುತ್ ಬೇಡ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಯಂತ್ರಕ್ಕೆ ಐದರಲ್ಲಿ ನಾಲ್ಕು ಅಂಕ. ಅಳವಡಿಸಿದವರಿಗೆ ಒಂದೂವರೆ, ಅದೂ ಕೊಳವೆಗಳ ಬೆಸುಗೆ ಅಚ್ಚುಕಟ್ಟಾಗಿದ್ದುದಕ್ಕೆ. ನಿಮ್ಮ ಮನೆಗೆ ಬಂದವರು ಗೋಡೆ ಕಿಟಕಿ ಅಳೆಯದೆ ಯಂತ್ರದ ಗಾತ್ರ ಹೇಳಿದರೆ ಅಲ್ಲಿಯೇ ನಿಲ್ಲಿಸಿ, ಅತಿ ಚಳಿಯ ದಿನ ನೀರು ಎಷ್ಟು ಡಿಗ್ರಿ ಬೇಕಾಗುತ್ತದೆ ಎಂದು ಕೇಳಿ. 55 ಎಂದು ಥಟ್ಟನೆ ಹೇಳಿದರೆ ಇನ್ನೊಬ್ಬರನ್ನು ಕರೆಸಿ. ನನ್ನವರು ಮೊನ್ನೆ ಟೇಪು ಹಿಡಿದು ಹಜಾರದ ಮೂಲೆಯಲ್ಲಿ ಚಿಮಣಿಗೆ ಜಾಗ ಅಳೆಯುತ್ತಿದ್ದರು. ಅತ್ತೆ ಟೇಪಿನ ಇನ್ನೊಂದು ತುದಿ ಹಿಡಿದಿದ್ದರು.