ಪದವಿನ ಬಯಲಿಗೊಂದು, ತೋಟಕ್ಕೊಂದು: ಮೂರು ಝೂಮ್ ಕ್ಯಾಮರಾಗಳ ಜೊತೆ ಒಂದು ಚಳಿಗಾಲ

ಸಂಜೆ ಐದೂಮುಕ್ಕಾಲಿಗೆ ಅಡಿಕೆ ತೋಟದೊಳಗೆ ಎಷ್ಟು ಬೆಳಕಿರುತ್ತದೆ ಎಂದು ಯಾವ ಕ್ಯಾಮರಾದ ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ. ಇರುವುದು 65 ಪಟ್ಟು ಝೂಮ್, 83 ಪಟ್ಟು ಝೂಮ್ ಅನ್ನುವ ದೊಡ್ಡ ಅಕ್ಷರ ಮಾತ್ರ. ಹಕ್ಕಿ ಫೋಟೋದ ಹುಚ್ಚಿನಲ್ಲಿ ನಾನೂ ಅದನ್ನೇ ನೋಡಿ ಮರುಳಾದವನು.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ. ಕೆಳಗೆ ತೋಟ, ಮೇಲೆ ಪದವು, ಅಂದರೆ ಮುರಕಲ್ಲಿನ ಎತ್ತರದ ಬಯಲು. ಬೈಕಿನಲ್ಲಿ ಅರ್ಧ ಗಂಟೆ ಹೋದರೆ ಶಿರಿಯ ಹೊಳೆಯ ಅಳಿವೆ. ಹೋದ ಚಳಿಗಾಲದಲ್ಲಿ ಮೂರು ಕ್ಯಾಮರಾ ಒಟ್ಟಿಗೆ ಕೈಗೆ ಸಿಕ್ಕಿದವು. ನನ್ನದೇ ಕ್ಯಾನನ್ ಎಸ್‌ಎಕ್ಸ್70. ಬೆಂಗಳೂರಿನ ಅಳಿಯ ರಜೆಗೆ ಬಂದವನು ಬಿಟ್ಟುಹೋದ ನಿಕಾನ್ ಪಿ950. ಮತ್ತೆ ಪೆರ್ಲದ ಭಾವನ ಸೋನಿ ಆರ್‌ಎಕ್ಸ್10 ಮಾರ್ಕ್ 4. ಕ್ಯಾನನ್ 1365 ಮಿ.ಮೀ. ತನಕ ಹೋಗುತ್ತದೆ, ನಿಕಾನ್ 2000 ತನಕ. ಸೋನಿ ಬರೀ 600. ಈ ಅಂಕಿ ದೊಡ್ಡದಾದಷ್ಟೂ ದೂರದ ಹಕ್ಕಿ ದೊಡ್ಡದಾಗಿ ಕಾಣುತ್ತದೆ. ಮೂರರಲ್ಲೂ ಲೆನ್ಸ್ ಬಿಚ್ಚುವ ತಲೆಬಿಸಿ ಇಲ್ಲ.

ಮೊದಲ ದಿನ ಬೆಳಗ್ಗೆ ಏಳಕ್ಕೇ ಕಿದೂರಿನ ಪದವಿಗೆ ಹೋದೆವು. ಮುಳಿಹುಲ್ಲು ಒಣಗಿ ನಿಂತಿತ್ತು. ಅದರಾಚೆ ಕಲ್ಲಿನ ಮೇಲೆ ಒಂದು ಹಳದಿ ಟಿಟ್ಟಿಭ. ನಾವು ನಾಲ್ಕು ಹೆಜ್ಜೆ ಇಟ್ಟರೆ ಅದೂ ನಾಲ್ಕು ಹೆಜ್ಜೆ ಆಚೆ. ಇಲ್ಲಿ ನಿಕಾನಿಗೆ ಎದುರೇ ಇಲ್ಲ. ಕಪ್ಪು ಟೊಪ್ಪಿ, ಅದರಂಚಿನ ಬಿಳಿ ಗೆರೆ, ಕಣ್ಣಿನ ಮುಂದೆ ಜೋಲುವ ಹಳದಿ ತೊಗಲು, ಎಲ್ಲ ಎಣಿಸಿದ ಹಾಗೆ ಬಂತು. ಕ್ಯಾನನ್ನಿನಲ್ಲಿ ಹಕ್ಕಿ ಸ್ವಲ್ಪ ಸಣ್ಣದು, ಗರಿ ಮೆತ್ತಗೆ. ಸೋನಿಯಲ್ಲಿ ಬಂದದ್ದು ಕಲ್ಲುಗಳ ಫೋಟೋ, ನಡುವೆ ಒಂದು ಹಕ್ಕಿಯೂ ಇತ್ತು ಅನ್ನಬಹುದು.

ಹತ್ತು ಗಂಟೆಗೆ ಕಲ್ಲು ಕಾದಿತು. ಕಾದ ಮೇಲೆ 2000 ಮಿ.ಮೀ.ಗೆ ಅರ್ಥವಿಲ್ಲ. ಕುದಿಯುವ ಕೊಪ್ಪರಿಗೆಯ ಮೇಲಿಂದ ನೋಡಿದ ಹಾಗೆ ಹಕ್ಕಿ ನಡುಗುತ್ತದೆ. ಫೋಕಸ್ ತಪ್ಪಿತೆಂದು ಕ್ಯಾಮರಾಕ್ಕೆ ಬೈದರೆ ಪ್ರಯೋಜನವಿಲ್ಲ, ತಪ್ಪು ಗಾಳಿಯದ್ದು. 3000 ಮಿ.ಮೀ. ತನಕ ಎಳೆಯುವ ನಿಕಾನಿನದೇ ಪಿ1000 ತಗೊಳ್ಳಲೇ ಎಂದು ಕೆಲವರು ಕೇಳುತ್ತಾರೆ. 1.4 ಕಿಲೋ ಹೊತ್ತುಕೊಂಡು ನಮ್ಮ ಪದವಿನಲ್ಲಿ ಬಿಸಿಗಾಳಿಯ ಫೋಟೋ ತೆಗೆಯುವ ಆಸೆ ಇದ್ದರೆ ತಗೊಳ್ಳಿ.

ಅಳಿವೆಯ ಕತೆ ಬೇರೆ. ಅಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು ಬರುತ್ತದೆ, 2023ರಲ್ಲಿ ಕಾಸರಗೋಡಿನ ಜಿಲ್ಲಾ ಪಕ್ಷಿ ಎಂದು ಘೋಷಿಸಿದ ಹಕ್ಕಿ. ಹಾರುವ ಹದ್ದನ್ನು 2000 ಮಿ.ಮೀ.ನಲ್ಲಿ ಹುಡುಕುವುದೆಂದರೆ ಪೈಪಿನೊಳಗಿಂದ ನೊಣ ಹುಡುಕಿದ ಹಾಗೆ. ಅದಕ್ಕೇ ನಿಕಾನ್, ಕ್ಯಾನನ್ ಎರಡರಲ್ಲೂ ಲೆನ್ಸಿನ ಪಕ್ಕ ಒಂದು ಗುಂಡಿ ಇದೆ. ಒತ್ತಿದರೆ ಝೂಮ್ ಹಿಂದೆ ಬರುತ್ತದೆ, ಬಿಟ್ಟರೆ ಮತ್ತೆ ಮೊದಲಿನ ಜಾಗಕ್ಕೇ ಹೋಗುತ್ತದೆ. ಈ ಗುಂಡಿ ಇಲ್ಲದಿದ್ದರೆ ನಾನು ಎಂದೋ ಹಕ್ಕಿ ಬಿಟ್ಟು ಹೂವಿನ ಫೋಟೋ ತೆಗೆಯುತ್ತಿದ್ದೆ. ಆದರೂ ನಿಕಾನ್ ಸೆಕೆಂಡಿಗೆ ಏಳರಂತೆ ಹತ್ತು ಫೋಟೋ ತೆಗೆದು ಉಸಿರೆಳೆಯಲು ನಿಲ್ಲುತ್ತದೆ. ಹದ್ದು ನಿಲ್ಲುವುದಿಲ್ಲ. ಸೋನಿ ಸೆಕೆಂಡಿಗೆ 24 ಫೋಟೋ ತೆಗೆಯುತ್ತದೆ, ಪ್ರತಿ ಸಲವೂ ಫೋಕಸ್ ಸರಿಮಾಡಿಕೊಳ್ಳುತ್ತದೆ. ಹದ್ದು ಒಂದು ರೆಕ್ಕೆ ಕೆಳಗೆ ಮಾಡಿ ತಿರುಗಿದ ಗಳಿಗೆ ಭಾವನಿಗೆ ಸಿಕ್ಕಿತು, ನನಗೆ ಬಾಲ ಸಿಕ್ಕಿತು.

ಈಗ ತೋಟ. ನನ್ನ ಲೆಕ್ಕದಲ್ಲಿ ನಿಜವಾದ ಪರೀಕ್ಷೆ ಇದೇ. ಚಳಿಗಾಲದಲ್ಲಿ ನಮ್ಮ ತೋಟಕ್ಕೆ ನವರಂಗ ಬರುತ್ತದೆ. ಮುಂಜಾನೆ ಮತ್ತು ಮುಸ್ಸಂಜೆ ಕೂಗುವ ಹಕ್ಕಿ. ಬೆಳಕಿದ್ದಾಗ ಬಾ ಅಂದರೆ ಬರುತ್ತದಾ? ಜನವರಿಯ ಒಂದು ಸಂಜೆ ಭಾವನೂ ನಾನೂ ನೀರು ಹರಿಯುವ ಕಣಿಯ ಬದಿಯಲ್ಲಿ ಅಡಿಕೆ ಹಾಳೆ ಹಾಕಿ ಕೂತೆವು. ಸೊಳ್ಳೆ ಕಚ್ಚಿದರೂ ಕೈ ಎತ್ತುವ ಹಾಗಿಲ್ಲ. ಇಪ್ಪತ್ತೈದು ಅಡಿ ದೂರದಲ್ಲಿ ಬಿದ್ದ ಸೋಗೆಯ ಕೆಳಗಿನಿಂದ ಹೊರಬಂತು. ತರಗೆಲೆ ಮಗುಚಿತು, ಹುಳ ಎತ್ತಿತು, ಮೊಂಡು ಬಾಲ ಕುಣಿಸಿತು. ಬಾಲದ ಬುಡದ ಕೆಂಪು ಕತ್ತಲಲ್ಲೂ ಕೆಂಡದ ಹಾಗೆ ಕಂಡಿತು.

ಮೂರಕ್ಕೂ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮರಾದ ಸೂಕ್ಷ್ಮತೆ, 3200 ಇಟ್ಟಿದ್ದೆವು. ಕ್ಯಾನನ್ನಿಗೆ ಅದೇ ಕೊನೆ. ಸೋನಿಗೆ ಸೆಕೆಂಡಿನ 125ನೇ ಒಂದು ಪಾಲಿನ ವೇಗ ಸಿಕ್ಕಿತು, ನಿಕಾನಿಗೆ 60ನೇ ಒಂದು, ಕ್ಯಾನನ್ನಿಗೆ 50ನೇ ಒಂದು. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ನಿಕಾನ್, ಕ್ಯಾನನ್ ಎರಡರಲ್ಲೂ ನವರಂಗದ ಮೇಲೆ ರವೆ ಚೆಲ್ಲಿದ ಹಾಗಿತ್ತು. ಭಾವನದ್ದರಲ್ಲಿ ರೆಕ್ಕೆಯ ನೀಲಿ ನೀಲಿಯಾಗಿಯೇ ಇತ್ತು. “ಎಂತ ಭಾವ, ಹಕ್ಕಿ ಸಿಕ್ಕಿತ್ತೋ ಅಲ್ಲ ರವೆ ಮಾಂತ್ರವೋ?” ಅಂದ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಯಾಕೆ ಹೀಗೆ ಅಂತ ರಾತ್ರಿ ಕೂತು ಲೆಕ್ಕ ಹಾಕಿದೆ. ಬೆಳಕು ಹಿಡಿಯುವ ಸೆನ್ಸರ್ ಸೋನಿಯಲ್ಲಿ ಒಂದು ಇಂಚಿನದ್ದು ಅನ್ನುತ್ತಾರೆ, ವಿಸ್ತಾರದಲ್ಲಿ ಉಳಿದೆರಡರ ಸುಮಾರು ನಾಲ್ಕು ಪಟ್ಟು. ಇದು ಎಲ್ಲರಿಗೂ ಗೊತ್ತು. ಆದರೆ ಲೆನ್ಸಿನ ತೂತು ನೋಡಿ. ಪೂರ್ತಿ ಎಳೆದಾಗ ನಿಕಾನ್ ಲೆನ್ಸಿನ ನಿಜವಾದ ಫೋಕಲ್ ಉದ್ದ 357 ಮಿ.ಮೀ. (2000 ಅನ್ನುವುದು 35 ಮಿ.ಮೀ. ಫಿಲ್ಮ್ ಕ್ಯಾಮರಾಕ್ಕೆ ಹೋಲಿಸಿದ ಲೆಕ್ಕ), ಅದನ್ನು ಎಫ್ ಅಂಕಿ 6.5ರಿಂದ ಭಾಗಿಸಿದರೆ ತೂತಿನ ಅಗಲ 55 ಮಿ.ಮೀ. ಸೋನಿಯದ್ದು 220, ಎಫ್ 4ರಿಂದ ಭಾಗಿಸಿದರೆ ಅದೂ 55. ಕ್ಯಾನನ್ನಿನದ್ದು 38ಕ್ಕೇ ನಿಲ್ಲುತ್ತದೆ. ಅಂದರೆ ದೂರದ ಟಿಟ್ಟಿಭದಿಂದ ನಿಕಾನ್, ಸೋನಿ ಎರಡೂ ಅಷ್ಟಷ್ಟೇ ಬೆಳಕು ಎಳೆಯುತ್ತವೆ. ನಿಕಾನ್ ಅದನ್ನು 16 ಮೆಗಾಪಿಕ್ಸೆಲ್‌ಗೆ ಹರಡುತ್ತದೆ. ಸೋನಿಯಲ್ಲಿ ಅಷ್ಟೇ ದೊಡ್ಡದಾಗಿ ಕಾಣುವಂತೆ ಕತ್ತರಿಸಿದರೆ ಎರಡು ಮೆಗಾಪಿಕ್ಸೆಲ್ಲೂ ಉಳಿಯುವುದಿಲ್ಲ. ಆದರೆ ಹಕ್ಕಿ ಹತ್ತಿರ ಬಂದು ನಿಕಾನನ್ನು 600ಕ್ಕೆ ಇಳಿಸಿದಿರೋ, ಆ ತೂತು ಅರ್ಧಕ್ಕಿಂತಲೂ ಕಿರಿದಾಗುತ್ತದೆ. ಸೋನಿಯದ್ದು ಹಾಗೇ ತೆರೆದಿರುತ್ತದೆ. ತೋಟದಲ್ಲಿ ನಾನು ಸೋತದ್ದು ಇಲ್ಲಿ.

ಕ್ಯಾನನ್ನಿಗೆ ಅನ್ಯಾಯ ಮಾಡುವುದು ಬೇಡ. ತೂಕ ಬರೀ 610 ಗ್ರಾಂ, ಉಳಿದೆರಡೂ ಒಂದು ಕಿಲೋ ಚಿಲ್ಲರೆ. ಪೊಸಡಿಗುಂಪೆ ಗುಡ್ಡ ಹತ್ತುವಾಗ ಕುತ್ತಿಗೆಗೆ ಇದೇ ಹಿತ. ಬಿಸಿಲಿನಲ್ಲಿ ಗೇರುಮರದ ತುದಿಯ ಸೂರಕ್ಕಿಗೆ ಧಾರಾಳ ಸಾಕು.

ಮಳೆಗಾಲದ ಮಾತು ಹೇಳಲೇಬೇಕು. ತೇವ, ದೂಳು ತಡೆಯುವ ವ್ಯವಸ್ಥೆ ಇರುವುದು ಸೋನಿಗೆ ಮಾತ್ರ. ಹಾಗಂತ ಅದನ್ನೂ ನಮ್ಮ ಜುಲೈ ಮಳೆಯಲ್ಲಿ ನೆನೆಸಬೇಡಿ. ಹಿಂದೊಮ್ಮೆ ಹಳೇ ಕ್ಯಾಮರಾಕ್ಕೆ ಫಂಗಸ್ ಹಿಡಿಯಿತೆಂದು ಪೇಟೆಯ ಒಂದು ಅಂಗಡಿಗೆ ಕೊಟ್ಟಿದ್ದೆ. ಲೆನ್ಸಿನೊಳಗೆ ಯಾರದೋ ಬೆರಳ ಗುರುತು ಸಮೇತ ವಾಪಸು ಬಂತು. ಅಲ್ಲಿಂದೀಚೆಗೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ, ಹಪ್ಪಳದ ಡಬ್ಬದ ಪಕ್ಕದಲ್ಲೇ.

ಬೆಲೆ? ಅಮೆರಿಕದಲ್ಲಿ ಬಿಡುಗಡೆಯಾದಾಗ ಕ್ಯಾನನ್ 550 ಡಾಲರ್, ನಿಕಾನ್ 800, ಸೋನಿ 1,700. ನಮ್ಮಲ್ಲಿ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಆದರೆ ಸೋನಿಯ ದುಡ್ಡಿಗೆ ಎರಡು ನಿಕಾನ್ ಅನ್ನುವ ಅಂದಾಜು ಇಟ್ಟುಕೊಳ್ಳಿ.

ನಾನು ಅಳಿಯನಿಗೆ ದುಡ್ಡು ಕೊಟ್ಟು ನಿಕಾನನ್ನು ಇಲ್ಲೇ ಉಳಿಸಿಕೊಂಡೆ. ವಾರದಲ್ಲಿ ನಾಲ್ಕು ದಿನ ನಾನಿರುವುದು ಪದವಿನ ಮೇಲೆ, ಅದಕ್ಕೆ. ಕ್ಯಾನನ್ ಈಗ ಮಗಳದ್ದು. ತೋಟದಲ್ಲಿ ನವರಂಗ ಕೂಗಿದ ಸಂಜೆ ಮಾತ್ರ ಭಾವನಿಗೆ ಫೋನು ಮಾಡುತ್ತೇನೆ. ಸೋನಿ ಹಿಡಿದುಕೊಂಡು ಪೆರ್ಲದಿಂದ ಓಡಿ ಬರುತ್ತಾನೆ. ಅಷ್ಟರಲ್ಲಿ ಬೆಳಕು ಎರಡು ಸ್ಟಾಪ್ ಇಳಿದು ಕಾಲು ಪಾಲಾಗಿರುತ್ತದೆ.